ರಾಕಿ ಭಾಯ್ ನಮ್ಮೂರಿನವನಲ್ಲ, ಆದ್ರೂ ನೋಡಿ

ಆಫೀಸಿನಲ್ಲಿ ಯಾರಾದರೂ ನಿಮ್ಮದು ಯಾವೂರು ಅಂದರೆ ಬೂದಿಕೋಟೆ ಅಂತೀನಿ. ಯಾರಿಗೂ ಗೊತ್ತಾಗಲ್ಲ. ಹೈದರಾಲಿ ಹುಟ್ಟಿದ ಊರು ಅಂದರೂ ಸುಮ್ಮನೆ ತಲೆಯಾಡಿಸ್ತಾರೆ. ಬಂಗಾರಪೇಟೆ ಹತ್ರ ಅಂದರೆ ಅರ್ಧ ಜನಕ್ಕೆ ಪಾನಿಪುರಿ ನೆನಪಾಗತ್ತೆ. ಕೆಜಿಎಫ್ ಹತ್ರ ಅಂದರೆ ಮಾತ್ರ ಎಲ್ಲರ ಮುಖವೂ ಅರಳತ್ತೆ: "ಓ, ರಾಕಿ ಭಾಯ್ ಊರಾ!"

ಅದಕ್ಕೇ ಈ ಸಲ ಹೊಸ ಸಿನಿಮಾ ಹುಡುಕೋ ಗೋಜಿಗೆ ಹೋಗಲಿಲ್ಲ. ಎರಡು ವೀಕೆಂಡ್ ಮನೆಯಲ್ಲೇ ಕೂತು ನಮ್ಮ ಸೀಮೆಯ ಸಿನಿಮಾಗಳನ್ನು ನೋಡಿದೆವು. ಕೆಜಿಎಫ್‌ನ ಎರಡೂ ಭಾಗ, ಆಮೇಲೆ ತಂಗಲಾನ್, ಕೊನೆಗೆ ನಾಲಿಗೆ ರುಚಿ ಬದಲಾಗಲಿ ಅಂತ ತಿಥಿ. ನೋಡಿದವರು ನಾನು, ಅಮ್ಮ, ಅಜ್ಜಿ ಮತ್ತು ನಮ್ಮ ಮಾವ. ಮಾವ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವರಿಗೆ ಇನ್ನೂ ಮೂವತ್ತೆರಡು ವರ್ಷ. ಅಂಥವರ ಪಕ್ಕ ಕೂತು ಕೆಜಿಎಫ್ ನೋಡೋದು ಬೇರೆಯೇ ಅನುಭವ ಬಿಡಿ.

ಮೊದಲು ಕೆಜಿಎಫ್. 2018ರಲ್ಲಿ ಮೊದಲ ಭಾಗ, 2022ರಲ್ಲಿ ಎರಡನೇದು. ಪ್ರಶಾಂತ್ ನೀಲ್ ಕಟ್ಟಿದ ಆ ಕಪ್ಪು ಲೋಕ, ಭುವನ್ ಗೌಡರ ಕ್ಯಾಮೆರಾ, ರವಿ ಬಸ್ರೂರರ ಸಂಗೀತ ಈಗಲೂ ಹಿಡಿದು ಕೂರಿಸತ್ತೆ. ಮೊದಲ ಭಾಗದಲ್ಲಿ ಅನಂತ್ ನಾಗ್ ಕಥೆ ಹೇಳೋ ರೀತಿಗೆ ಅಜ್ಜಿ ಕೂಡ ಅಲ್ಲಾಡದೆ ಕೂತಿದ್ದರು. ಎರಡನೇ ಭಾಗದಲ್ಲಿ ಆ ಕೆಲಸ ಪ್ರಕಾಶ್ ರಾಜ್ ಅವರದು. ಗದ್ದಲ ಜಾಸ್ತಿ, ಅಮ್ಮನ ನೆನಪಿನ ದೃಶ್ಯಗಳು ಬಂದಾಗ ಮಾತ್ರ ಉಸಿರು. ನನ್ನ ಓಟು ಮೊದಲ ಭಾಗಕ್ಕೆ.

ಆದರೆ ಮಾವ ನೋಡ್ತಿದ್ದಿದ್ದು ರಾಕಿಯನ್ನಲ್ಲ, ಅವನ ಹಿಂದಿದ್ದ ದಿಬ್ಬವನ್ನು. "ಅದು ನಮ್ಮ ಸೈನೈಡ್ ದಿಬ್ಬ ಕಣಮ್ಮ" ಅಂದರು. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದೂ ಸುರಿದೂ ಆದ ಗುಡ್ಡಗಳವು. ಸಿನಿಮಾದಲ್ಲಿ ಮರುಭೂಮಿ ಥರ ಚೆಂದ ಕಾಣತ್ತೆ. ಗಾಳಿ ಕಾಲದಲ್ಲಿ ಅದೇ ಧೂಳು ಸುತ್ತಲಿನ ಮನೆಗಳ ಒಳಗೆ ಬಂದು ಕೂರತ್ತೆ. ಆ ಧೂಳು ಒರೆಸೋರು ಪರದೆ ಮೇಲೆ ಎಲ್ಲೂ ಕಾಣಲ್ಲ.

ಸಿನಿಮಾದ ನರಾಚಿ ಕಲ್ಪನೆ, ಅದನ್ನು ಇತಿಹಾಸ ಅಂತ ಯಾರೂ ಹೇಳಿಲ್ಲ, ಒಪ್ಪೋಣ. ಅಲ್ಲಿ ಚಿನ್ನ ಸಿಗೋದು 1951ರಲ್ಲಿ. ನಿಜವಾದ ಕೆಜಿಎಫ್‌ಗೆ ಜಾನ್ ಟೇಲರ್ ಕಂಪನಿ 1880ರಲ್ಲೇ ಬಂದಿತ್ತು. ನರಾಚಿ ಕತ್ತಲ ಕೂಪ. ನಿಜವಾದ ಊರಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗಿಂತ ಮೊದಲೇ. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು. ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿಯುತ್ತಿದ್ದರು.

ನನಗೆ ನಿಜವಾಗಿ ಚುಚ್ಚಿದ್ದು ಇಸವಿ ಅಲ್ಲ. ಸಿನಿಮಾದಲ್ಲಿ ಸಾವಿರಾರು ಕಾರ್ಮಿಕರು ಬಾಯಿ ಮುಚ್ಚಿಕೊಂಡು, ಹೊರಗಿಂದ ಒಬ್ಬ ಬಂದು ಬಿಡಿಸಲಿ ಅಂತ ಕಾಯ್ತಾರೆ. ನಮ್ಮ ಗಣಿಯವರು ಯಾರಿಗೂ ಕಾಯಲಿಲ್ಲ. 1930ರಲ್ಲೇ ದೊಡ್ಡ ಮುಷ್ಕರ ಮಾಡಿದ್ದರು, ಆಮೇಲೆ ಸಂಘ ಕಟ್ಟಿದರು. ಮಾವನನ್ನು ಕೇಳಿದೆ, "ಇದನ್ನ ನೋಡಿದ್ರೆ ಬೇಜಾರಾಗಲ್ವಾ?" ಅವರು ನಕ್ಕರು. "ಸಿನಿಮಾ ಅಲ್ವೇನಮ್ಮ, ಇರಲಿ. ಆದ್ರೆ ಒಬ್ಬನೂ ಬಾಯಿ ಬಿಡಲ್ಲ ನೋಡು. ನಮ್ಮ ಶಿಫ್ಟಲ್ಲಿ ಬಾಯಿ ಮುಚ್ಚಿಸೋದೇ ಕಷ್ಟ ಆಗಿತ್ತು. ಕೇಜ್ ಇಳಿಯೋವಾಗ ತಮಿಳಲ್ಲಿ ಒಬ್ಬ ಬೈದ್ರೆ ತೆಲುಗಲ್ಲಿ ಇನ್ನೊಬ್ಬ ಉತ್ತರ ಕೊಡೋನು."

ತಂಗಲಾನ್‌ಗೆ ಬರೋಣ. ಪಾ. ರಂಜಿತ್ ಅವರ 2024ರ ತಮಿಳು ಸಿನಿಮಾ. ಬ್ರಿಟಿಷರ ಕಾಲದಲ್ಲಿ ಉತ್ತರ ಆರ್ಕಾಟ್ ಕಡೆಯ ದಲಿತ ಕುಟುಂಬಗಳು ಚಿನ್ನ ಹುಡುಕಿಕೊಂಡು ಈ ಕಡೆ ಬರುವ ಕಥೆ. ವಿಕ್ರಮ್ ಮೈಯೆಲ್ಲ ಮಣ್ಣು ಮಾಡಿಕೊಂಡು ನಟಿಸಿದ್ದಾರೆ, ಆದರೆ ನನಗೆ ಇಷ್ಟವಾಗಿದ್ದು ಗಂಗಮ್ಮನ ಪಾತ್ರದ ಪಾರ್ವತಿ. ದ್ವಿತೀಯಾರ್ಧ ದೆವ್ವ, ಮಾಯೆ, ಕನಸು ಅಂತ ಎಳೆಯತ್ತೆ. ಅಜ್ಜಿ ಎದ್ದು ಮುದ್ದೆಗೆ ಎಸರಿಡೋಕೆ ಹೋದರು, ವಾಪಸ್ ಬಂದಾಗಲೂ ಅದೇ ಕನಸು ನಡೀತಿತ್ತು. ಆದರೂ ಇಲ್ಲಿ ಮುಖ್ಯವಾದದ್ದೊಂದಿದೆ. ಚಿನ್ನ ಯಾರದು ಅನ್ನೋದಕ್ಕಿಂತ ಅಗೆದವರು ಯಾರು ಅಂತ ಈ ಸಿನಿಮಾ ಕೇಳತ್ತೆ. ಮಾವ ಇದನ್ನು ಪೂರ್ತಿ ಸುಮ್ಮನೆ ನೋಡಿದರು. ಮುಗಿದ ಮೇಲೆ "ನನ್ನ ಜೊತೆ ಇಳೀತಿದ್ದೋರ ತಾತಂದಿರು ಹೀಗೇ ಬಂದಿರಬೇಕು" ಅಂದರು, ಅಷ್ಟೇ.

ಒಂದು ಸಿನಿಮಾ ಗಣಿ ಶುರುವಾಗೋಕೆ ಮುಂಚಿನದು, ಇನ್ನೊಂದು ಎಂದೂ ಇಲ್ಲದ ಗಣಿಯದು. ಮಧ್ಯದ ನೂರಿಪ್ಪತ್ತು ವರ್ಷ, ಆಮೇಲಿನ ಇಪ್ಪತ್ತು ಚಿಲ್ಲರೆ ವರ್ಷ ಎಲ್ಲಿ? ಗಣಿಗಾಗಿಯೇ ಹಾಕಿದ ಮಾರಿಕುಪ್ಪಂ ಹಳಿ ಮೇಲೆ ಈಗ ದಿನಾ ಬೆಳಗ್ಗೆ ರೈಲು ತುಂಬ ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಅಪ್ಪ ಭೂಮಿ ಒಳಗೆ ಇಳಿದವರು, ಮಗ ಐಟಿ ಪಾರ್ಕಿನಲ್ಲಿ ಸೆಕ್ಯೂರಿಟಿ, ಮಗಳು ಟೆಸ್ಟಿಂಗ್ ಎಂಜಿನಿಯರ್. ಇದರ ಮೇಲೆ ಎಂಟು ಎಪಿಸೋಡಿನ ಒಂದು ಸೀರೀಸ್ ಬಂದರೆ ನಾನಂತೂ ಒಂದೇ ರಾತ್ರಿ ನೋಡಿ ಮುಗಿಸ್ತೀನಿ.

ಆ ಕೊರತೆ ತುಂಬಲಿ ಅಂತಲೇ ತಿಥಿ ಹಾಕಿದ್ದು. ರಾಮ್ ರೆಡ್ಡಿ ನಿರ್ದೇಶನದ ಈ ಸಿನಿಮಾ ಮಂಡ್ಯ ಕಡೆಯ ಹಳ್ಳಿಯದು, ನಮ್ಮೂರಿಗೆ ಸಂಬಂಧವಿಲ್ಲ. ನಟಿಸಿದವರು ಹಳ್ಳಿಯ ಜನವೇ. ಅವರ ಕನ್ನಡ, ಅವರ ಬೈಗುಳ, ಅವರ ನಡಿಗೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿದ್ದು ಅದೇ ಮಾತಿನಿಂದ. ಗಡ್ಡಪ್ಪ ಬಂದಾಗೆಲ್ಲ ಅಜ್ಜಿ ನಗ್ತಿದ್ದರು. "ಇಂಥೋನು ನಮ್ಮ ಬೀದೀಲೂ ಒಬ್ಬನಿದ್ದಾನೆ" ಅಂತ ಹೆಸರು ಸಮೇತ ಹೇಳಿದರು. ಹೆಸರು ಇಲ್ಲಿ ಬೇಡ.

ನೋಡ್ತಾ ಅಮ್ಮ ಒಂದು ಹಳೇ ವಿಷಯ ತೆಗೆದರು. ಇದು ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತಿರಲಿಕ್ಕಿಲ್ಲ. 2000ದ ದಶಕದ ಆರಂಭದಲ್ಲಿ ನಮ್ಮ ಬೂದಿಕೋಟೆಗೆ ತನ್ನದೇ ಒಂದು ರೇಡಿಯೊ ಇತ್ತು, ಹೆಸರು 'ನಮ್ಮ ಧ್ವನಿ'. ವಾಯ್ಸಸ್, ಮೈರಾಡ ಅನ್ನೋ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಶುರುಮಾಡಿದ್ದು. ಆಗ ಇಂಥ ಸಮುದಾಯ ರೇಡಿಯೊಗೆ ಹಳ್ಳಿಯವರಿಗೆ ಲೈಸೆನ್ಸ್ ಸಿಗ್ತಿರಲಿಲ್ಲ, ಸಂಘ ಸಂಸ್ಥೆಗಳಿಗೆ ಸರ್ಕಾರ ಅದನ್ನು ಬಿಟ್ಟುಕೊಟ್ಟಿದ್ದು 2006ರಲ್ಲಿ. ಅದಕ್ಕೆ ನಮ್ಮೂರಿನವರು ಮಾಡಿದ್ದೇನು ಗೊತ್ತಾ? ಕೇಬಲ್ ಟೀವಿಯ ವೈರಿನಲ್ಲೇ ಧ್ವನಿ ಕಳಿಸಿದರು! ಮನೆಯ ಟೀವಿ ಹಾಕಿದರೆ ಸ್ತ್ರೀಶಕ್ತಿ ಸಂಘದ ಹೆಂಗಸರ ಮಾತು, ಬೆಳೆ ವಿಷಯ, ಶಾಲೆ ಮಕ್ಕಳ ಕಾರ್ಯಕ್ರಮ. ಅಮ್ಮ ಒಂದು ಸಲ ರಾಗಿ ಬಗ್ಗೆ ಮಾತಾಡಿದ್ದರಂತೆ. "ಪಕ್ಕದ ಮನೆಯೋರು ಕೇಳಿ ಬಂದು, ನೀನು ಹೇಳಿದ್ದು ಸರಿಯಿಲ್ಲ ಅಂತ ಜಗಳ ಮಾಡಿದ್ರು" ಅಂದರು. ಆ ದನಿಯಲ್ಲಿ ಎಂಥಾ ಹೆಮ್ಮೆ!

ನಾನು ಹೇಳೋಕೆ ಹೊರಟಿದ್ದು ಇದನ್ನೇ. ನೂರಾರು ಕೋಟಿಯ ಸಿನಿಮಾ ನಮ್ಮೂರಿನ ಹೆಸರನ್ನು ದೇಶಕ್ಕೆಲ್ಲ ತಲುಪಿಸಿತು, ಖುಷಿಯೇ. ಆದರೆ ನಮ್ಮೂರಿನವರ ಮಾತು ಟೀವಿಯಿಂದ ಬಂದಿದ್ದು ಒಂದು ಕೇಬಲ್ ವೈರಿನ ಪುಣ್ಯದಿಂದ. ಗಣಿ ಮುಚ್ಚಿದಾಗ ಮೂವತ್ತೆರಡಿದ್ದ ಮಾವನಿಗೆ ಈಗ ಅರವತ್ತರ ಹತ್ತಿರ. ಅವರಿಗೂ ಹಿರಿಯರಾದ ಗಣಿಯವರು ಒಬ್ಬೊಬ್ಬರೇ ಹೋಗ್ತಿದ್ದಾರೆ. ಕೇಜಿನ ಸದ್ದು, ಶಿಫ್ಟಿನ ಸೈರನ್ನು, ಒಳಗೆ ಬಂಡೆ ಸಿಡಿದಾಗ ಮೇಲೆ ಮನೆ ಪಾತ್ರೆಗಳು ಅಲುಗಿದ್ದು, ಇದೆಲ್ಲ ಯಾವ ಓಟಿಟಿಯಲ್ಲೂ ಸಿಗಲ್ಲ.

ಹಾಗಾಗಿ ನನ್ನ ಶಿಫಾರಸು ಇಷ್ಟೇ. ಕೆಜಿಎಫ್ ಮೊದಲ ಭಾಗ ನೋಡಿ, ತಂಗಲಾನ್ ತಾಳ್ಮೆಯಿಂದ ನೋಡಿ, ತಿಥಿಯನ್ನು ಮನೆಮಂದಿಯೆಲ್ಲ ಕೂತು ನೋಡಿ. ಬೈಗುಳ ಇದೆ, ಮಕ್ಕಳಿದ್ದರೆ ಯೋಚನೆ ಮಾಡಿ. ಮನೆಯ ಹಿರಿಯರು "ಅದು ಹಾಗಲ್ಲ" ಅಂತ ಬಾಯಿ ತೆಗೆದರೆ "ಶ್, ಸಿನಿಮಾ ನೋಡೋಣ" ಅನ್ನಬೇಡಿ. ಸಿನಿಮಾ ನಿಲ್ಲಿಸಿ, ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿ. ನನ್ನ ಫೋನಿನಲ್ಲಿ ಈಗ ಮಾವನ ಮಾತು ಒಂದು ಗಂಟೆ ನಲವತ್ತು ನಿಮಿಷ ಇದೆ. ಕೆಜಿಎಫ್ ಎರಡನೇ ಭಾಗಕ್ಕಿಂತ ಚಿಕ್ಕದು, ಸದ್ಯಕ್ಕೆ.