ಕರಿಂಡಿಯ ಸೀಮೆಯಿಂದ ಕಿಮ್ಚಿಯ ನಾಡಿಗೆ

ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಮಕ್ಕಳು ದಕ್ಷಿಣ ಕೊರಿಯಾಕ್ಕೆ ಹೊರಟು ನಿಂತರೆ ತಾಯಂದಿರಿಗೆ ಮೊದಲು ಹುಟ್ಟುವ ಚಿಂತೆ ಊಟದ್ದು. ಆದರೆ ತುಂಗಭದ್ರೆಯ ಬಳಿಯ ಹಲವಾಗಲು, ಹರಪನಹಳ್ಳಿಗಳ ಸೀಮೆಯವರಿಗೆ ಆ ನಾಡಿನ ರುಚಿಯು ತೀರ ಪರಕೀಯವಲ್ಲ. ಅಗಸೆ, ಹಸಿಮೆಣಸಿನಕಾಯಿ, ಕಾಯಿಪಲ್ಯಗಳನ್ನು ಕೂಡಿಸಿ ಹುಳಿಯೇರಿಸಿದ ಕರಿಂಡಿಯು ನಮ್ಮ ಜೋಳದ ರೊಟ್ಟಿಗೆ ಹೇಗೋ, ಎಲೆಕೋಸು ಮೂಲಂಗಿಗಳನ್ನು ಉಪ್ಪುಖಾರದಲ್ಲಿ ಹುದುಗಿಸಿದ ಕಿಮ್ಚಿಯು ಅವರ ಅನ್ನಕ್ಕೆ ಹಾಗೆ. ಚಳಿಗಾಲಕ್ಕೆಂದು ಎಲ್ಲರೂ ಕಲೆತು ಅದನ್ನು ಮಾಡಿ ಹಂಚಿಕೊಳ್ಳುವ ಅಲ್ಲಿಯ ಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯು 2013ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಭೋಜನಶಾಲೆಗಳಲ್ಲಿಯೂ ನಮ್ಮ ಖಾನಾವಳಿಗಳಂತೆ ನಂಜಿಕೊಳ್ಳುವ ಪದಾರ್ಥಗಳು ಕೇಳದೆಯೇ ಬರುತ್ತವೆ. ಅವಕ್ಕೆ ಸಾಮಾನ್ಯವಾಗಿ ಬೇರೆ ಬೆಲೆಯಿಲ್ಲ.

ಶಾಕಾಹಾರಿಗಳು ಮಾತ್ರ ಎಚ್ಚರವಾಗಿರಬೇಕು. ಕಿಮ್ಚಿಯಲ್ಲಿ ಬಹುಮಟ್ಟಿಗೆ ಉಪ್ಪಿನಲ್ಲಿಟ್ಟ ಸೀಗಡಿಯೋ ಮೀನಿನ ರಸವೋ ಸೇರಿರುತ್ತದೆ. ಅದು ಕಣ್ಣಿಗೆ ಕಾಣದು. ಅನ್ನದ ಮೇಲೆ ಕಾಯಿಪಲ್ಯವಿಟ್ಟು ಕಲಸುವ ಬಿಬಿಂಬಾಪ್ ತರಿಸುವಾಗ ಮಾಂಸ, ಮೊಟ್ಟೆ ಬೇಡವೆಂದು ಮೊದಲೇ ಹೇಳಬೇಕು. ಬೌದ್ಧ ವಿಹಾರಗಳ ಅಡಿಗೆಯಲ್ಲಾದರೋ ಮೀನು ಮಾಂಸಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇರುವುದಿಲ್ಲ. ಇನ್ನು, ಹಿರಿಯರು ಚಮಚವೆತ್ತಿದ ಮೇಲೆಯೇ ಕಿರಿಯರು ಉಣ್ಣತೊಡಗುವುದು ಅಲ್ಲಿಯ ಸಂಪ್ರದಾಯ.

ಬುತ್ತಿಯೊಡನೆ ಈ ನಾಲ್ಕು ಮಾತುಗಳನ್ನೂ ಕಟ್ಟಿಕೊಟ್ಟರೆ ಮಕ್ಕಳು ಪರದೇಶದಲ್ಲಿ ಹಸಿದು ಕೂರಲಾರರು. ಒಲ್ಲದುದನ್ನು ಅರಿಯದೆ ಉಣ್ಣಲೂ ಆರರು.