ನಮ್ಮ ಹೆಗಲ ಮೇಲೆ ನಿಮ್ಮ ಬೆಟ್ಟ

ಭಾನುವಾರ ಕೋಳಿ ಕೂಗೋ ಹೊತ್ತಿಗೆ ನಮ್ಮ ಕೇರಿಯ ಮುಂದೆ ಬೆಂಗಳೂರಿನ ಬಸ್ಸು ಬಂದು ನಿಲ್ಲುತ್ತದೆ. ಮಾಗಡಿ ಸೀಮೆಯ ಬಂಡೆಬೆಟ್ಟದ ಬುಡ ನಮ್ಮದು. ಬಸ್ಸಿನಿಂದ ಕಂಪನಿಯವರು ಇಳಿಯುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಎದೆ ಮೇಲೆ ಕಂಪನಿ ಹೆಸರು, ಬೆನ್ನ ಮೇಲೆ 'ಬಡ ಮಕ್ಕಳಿಗಾಗಿ ಬೆಟ್ಟ ಹತ್ತುತ್ತೇವೆ' ಅನ್ನೋ ಬರಹ.

ಬಡ ಮಕ್ಕಳು ಅಂದರೆ ಯಾರು? ನಾವೇ. ನಮಗಾಗಿ ಬೆಟ್ಟ ಹತ್ತಲು ಬಂದವರ ನೀರಿನ ಕ್ಯಾನು, ಊಟದ ಡಬ್ಬಿ, ಡೇರೆಯ ಗಂಟು ಹೊತ್ತುಕೊಂಡು ಅವರಿಗಿಂತ ಮೊದಲು ತುದಿ ಮುಟ್ಟಿ ಕಾಯುವವರೂ ನಾವೇ! ದಿನಕ್ಕೆ 300 ರೂಪಾಯಿ. ಬಿ.ಎ. ಓದುವಾಗ ಮೂರು ವರ್ಷ ನಮ್ಮ ಪುಸ್ತಕ, ಬಸ್ ಪಾಸು ಇದರಿಂದಲೇ ನಡೆಯಿತು. ಅದಕ್ಕೇ ಇದು ದೂರ ನಿಂತು ಆಡುವ ಮಾತಲ್ಲ.

ಆಟ ಇಷ್ಟು. ಕಂಪನಿಯವರು ತಂಡ ಕಟ್ಟುತ್ತಾರೆ. ಇಂತಿಷ್ಟು ಗಂಟೆಯಲ್ಲಿ ಹತ್ತಿ ಇಳಿಯುತ್ತೇವೆ ಅಂತ ಪಂಥ ಕಟ್ಟುತ್ತಾರೆ. ಅದನ್ನು ಹೇಳಿಕೊಂಡು ನೆಂಟರು, ಗೆಳೆಯರು, ಜೊತೆಯ ನೌಕರರ ಹತ್ತಿರ ದೇಣಿಗೆ ಎತ್ತುತ್ತಾರೆ. ಕೂಡಿದ ಹಣ ಯಾವುದೋ ಸಂಸ್ಥೆಗೆ ಹೋಗಿ, ಅದರಲ್ಲೊಂದು ಪಾಲು ನಮ್ಮ ಶಾಲೆಗೆ ಬ್ಯಾಗಾಗಿ ಬರುತ್ತದೆ. ಬ್ಯಾಗಿನ ಮೇಲೂ ಕಂಪನಿ ಹೆಸರು. ನಮ್ಮ ಮಕ್ಕಳು ವರ್ಷವಿಡೀ ಸಂಬಳವಿಲ್ಲದ ಜಾಹೀರಾತಾಗಿ ಓಡಾಡುತ್ತವೆ.

ಇದೇ ಬೆಟ್ಟವನ್ನು ನಮ್ಮ ಅವ್ವಂದಿರು ಸೌದೆಗೆ ಹತ್ತಿದರು. ಬರಿಗಾಲಲ್ಲಿ ಹತ್ತಿ, ತಲೆ ಮೇಲೆ ಹೊರೆ ಹೊತ್ತು ಇಳಿದರು. ಯಾರೂ ಗಡಿಯಾರ ಹಿಡಿದು ನಿಲ್ಲಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಬುಡದಲ್ಲಿ ಕಾದು ನಿಂತಿರುತ್ತಿದ್ದವನು ಫಾರೆಸ್ಟ್ ಗಾರ್ಡ್. ಮಚ್ಚು ಕಿತ್ತುಕೊಂಡ, ಹೊರೆ ಕೆಡವಿಸಿದ, ಬಾಯಿಗೆ ಬಂದಂತೆ ಬೈದ. ನಮ್ಮ ಅಪ್ಪಂದಿರು ಪಕ್ಕದ ಕ್ವಾರಿಯಲ್ಲಿ ಬಂಡೆ ಒಡೆದು, ಕಲ್ಲಿನ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತರು. ಅವರಿಗೆ ಬೆಟ್ಟ ಸಾಹಸವಾಗಿರಲಿಲ್ಲ, ಹಿಟ್ಟಿನ ಪ್ರಶ್ನೆಯಾಗಿತ್ತು.

ನಡೆದದ್ದನ್ನು ಹೇಳುತ್ತೇವೆ ಕೇಳಿ. ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಕಂಪನಿಯ ತಂಡ ಬಂತು. ಹಿಂದಿನ ರಾತ್ರಿ ಸೋನೆ ಹಿಡಿದಿತ್ತು. ಬಂಡೆ ಪಾಚಿ ಕಟ್ಟಿ ಜಾರುತ್ತಿತ್ತು. ಬಿಸಿಲೇರಲಿ, ಒಣಗಲಿ ಸಾರ್ ಅಂದೆವು. ಟೈಮು ತಪ್ಪಿ ಹೋಗುತ್ತೆ, ಪಂಥ ಕಣ್ರೋ ಅಂದರು. ನಮ್ಮಲ್ಲೊಬ್ಬ, ಹತ್ತೊಂಬತ್ತರ ಹುಡುಗ, ಇಪ್ಪತ್ತು ಲೀಟರಿನ ಕ್ಯಾನು ಹೆಗಲ ಮೇಲಿಟ್ಟುಕೊಂಡು ಹೋಗುತ್ತಿದ್ದವನು ಜಾರಿದ. ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಕಂಬಳಿಯಲ್ಲಿ ಜೋಲಿ ಕಟ್ಟಿ ಇಳಿಸಿದೆವು. ತಂಡದ ಇಬ್ಬರು ನಮ್ಮ ಜೊತೆ ಇಳಿದರು, ಕಣ್ಣೀರು ಹಾಕಿದರು, ಆಟೋಗೆ ದುಡ್ಡು ಕೊಟ್ಟರು. ಅದನ್ನು ಮರೆಯುವುದಿಲ್ಲ. ಉಳಿದವರು ತುದಿಗೆ ಹೋದರು. ತುದಿಯ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ.

ಬಸ್ಸಿನಲ್ಲಿ ಬಂದ ಪ್ರತಿಯೊಬ್ಬನಿಗೂ ವಿಮೆ ಇತ್ತು. ಹೊರೆ ಹೊತ್ತವನಿಗೆ ಇರಲಿಲ್ಲ. ಕಂಪನಿಯನ್ನು ಕೇಳಿದರೆ ಟ್ರೆಕ್ಕಿಂಗ್ ಏಜೆಂಟನ ಕಡೆ ಕೈ ತೋರಿಸಿತು. ಏಜೆಂಟು ನಮ್ಮೂರ ಗುತ್ತಿಗೆದಾರನ ಕಡೆ ತೋರಿಸಿದ. ಅವನು (ಗೌಡರ ಮನೆಯವನೇ, ಬೇರೆ ಯಾರಿರುತ್ತಾರೆ?) 'ಬೀಳು ಅಂತ ಯಾರ್ಲಾ ಹೇಳಿದ್ದು?' ಅಂದ.

ಮೂರು ಸಲ ಬೆಂಗಳೂರಿಗೆ ಹೋದೆವು. ಗಾಜಿನ ಕಟ್ಟಡದ ಗೇಟಿನಲ್ಲಿ ನಿಂತು ಅರ್ಜಿ ಕೊಟ್ಟೆವು. ಅರ್ಜಿಯಲ್ಲಿ ನಾವು ಬರೆದ ಪದ 'ಪರಿಹಾರ'. ಹದಿನೈದು ದಿನ ಬಿಟ್ಟು ಬಂದ ಉತ್ತರದಲ್ಲಿ ಇದ್ದ ಪದ 'ಸಹಾಯ'. ನೌಕರರು ತಮ್ಮ ತಮ್ಮಲ್ಲೇ ಚಂದಾ ಎತ್ತಿ 11,000 ರೂಪಾಯಿ ಕೂಡಿಸಿದ್ದಾರಂತೆ. ಹುಡುಗ ಪ್ಲಾಸ್ಟರ್ ಕಾಲಿನ ಸಮೇತ ಚೆಕ್ ಹಿಡಿದು ಒಂದು ಫೋಟೋಗೆ ನಿಲ್ಲಬೇಕಂತೆ. ಮುಂದಿನ ವರ್ಷ ದೇಣಿಗೆ ಕೊಡುವವರಿಗೆ ಅದು ಸ್ಫೂರ್ತಿಯಾಗುತ್ತಂತೆ!

ಗೆಳೆಯರೇ, ಈ ಎರಡು ಪದಗಳ ನಡುವೆಯೇ ನಮ್ಮ ಜಗಳ ಇರೋದು. ಪರಿಹಾರ ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ. ಸಹಾಯ ಕೊಟ್ಟರೆ ಪುಣ್ಯ ಕಟ್ಟಿಕೊಂಡ ಹಾಗೆ. ನಮ್ಮ ಮುರಿದ ಮೂಳೆಯಲ್ಲೂ ಅವರಿಗೆ ಪುಣ್ಯ ಬೇಕು. ಕೆಲಸದಲ್ಲಿ ಕೈಕಾಲು ಹೋದರೆ ಪರಿಹಾರ ಕೊಡಬೇಕು ಅಂತ ಈ ದೇಶದಲ್ಲಿ 1923ರಲ್ಲೇ ಕಾಯಿದೆ ಬಂದಿತ್ತು. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಹೇಳಿತ್ತು. 2025ರ ನವೆಂಬರಿನಲ್ಲಿ ಹಳೆಯದನ್ನೆಲ್ಲ ಮಡಿಚಿಟ್ಟು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದರು. ಕಾಯಿದೆಯ ಹೆಸರು ಯಾವುದಾದರೇನು, ನಮ್ಮ ಹೆಸರೇ ಹಾಜರಿ ಪುಸ್ತಕದಲ್ಲಿ ಇಲ್ಲದ ಮೇಲೆ?

ಈ ಪಂಥದ ಬೇರು ಎಲ್ಲಿಯದು ಅಂತ ಹುಡುಕಿದೆವು. ನಾಲ್ವರ ತಂಡ, 100 ಕಿಲೋಮೀಟರ್, 48 ಗಂಟೆ. 'ಟ್ರೇಲ್‌ವಾಕರ್' ಅನ್ನೋ ಈ ದೇಣಿಗೆ ನಡಿಗೆ 2012ರಲ್ಲಿ ಬೆಂಗಳೂರಿನ ಕಡೆಗೂ ಬಂತು. ಅದು ಶುರುವಾದದ್ದು 1981ರಲ್ಲಿ, ಹಾಂಗ್‌ಕಾಂಗಿನ ಬೆಟ್ಟಗಳಲ್ಲಿ, ಬ್ರಿಟಿಷ್ ಸೈನ್ಯದ ಗೂರ್ಖಾ ಸಿಪಾಯಿಗಳ ತಾಲೀಮಾಗಿ. 1986ರಿಂದ ಸಾರ್ವಜನಿಕರೂ ಸೇರಿಕೊಂಡರು. ಸಿಪಾಯಿಯ ಬೆವರು ಹೀಗೆ ದೊಡ್ಡವರ ದಾನದ ಆಟವಾಯಿತು. ಆ ಸಿಪಾಯಿಗಳ ಗತಿ? 1997ರ ಜುಲೈ 1ಕ್ಕೆ ಮುಂಚೆ ನಿವೃತ್ತರಾದ ಗೂರ್ಖಾಗಳಿಗೆ ಅದೇ ಸೈನ್ಯದ ಬ್ರಿಟಿಷ್ ಸಿಪಾಯಿಗಿಂತ ಎಷ್ಟೋ ಕಡಿಮೆ ಪಿಂಚಣಿ. ಸಮಾನ ಪಿಂಚಣಿ ಕೇಳಿ 2021ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ, ಪ್ರಧಾನಿಯ ಬೀದಿಯೆದುರು, ಗೂರ್ಖಾ ಮಾಜಿ ಸಿಪಾಯಿಗಳು 13 ದಿನ ಉಪವಾಸ ಕೂತರು. ನಡಿಗೆ ಹೇಳಿಕೊಟ್ಟವರೇ ಹಕ್ಕಿಗಾಗಿ ಹಸಿದು ಕೂರಬೇಕಾಯಿತು. ಓದಿದ ದಿನ ನಮಗೆ ಅವರು ದೂರದ ನೇಪಾಳದವರು ಅನ್ನಿಸಲಿಲ್ಲ.

ಇನ್ನು ಕಂಪನಿ ತನ್ನ ಗಂಟಿನಿಂದ ಬಿಚ್ಚುವುದೇನು? 2013ರ ಕಂಪನಿ ಕಾಯಿದೆಯ 135ನೇ ಕಲಮು, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುತ್ತದೆ. ಮ್ಯಾರಥಾನಿನಂಥ ಒಂದು ದಿನದ ಜಾತ್ರೆಗಳನ್ನು ಈ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ ಅಂತ 2014ರ ಜೂನ್‌ನಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿತ್ತು. ಬೆಟ್ಟದ ದೇಣಿಗೆಯಂತೂ ನೌಕರರ ನೆಂಟರಿಷ್ಟರ ಜೇಬಿನದು. ಬೆವರು ನಮ್ಮದು, ಜೇಬು ಇನ್ನೊಬ್ಬರದು, ಹೆಸರು ಕಂಪನಿಯದು. ಊರಿನ ಸಾಹುಕಾರ ಊರವರ ಚಂದಾದಲ್ಲಿ ತೇರು ಎಳೆಸಿ ಪೂರ್ಣಕುಂಭ ತಾನು ಹಿಡಿಸಿಕೊಂಡ ಹಾಗೆ.

'ತಂಡ' ಅನ್ನೋ ಮಾತನ್ನೂ ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಚಿಕ್ಕವ್ವ ಅಂಥದ್ದೇ ಒಂದು ಗಾಜಿನ ಕಟ್ಟಡದ ಏಳನೇ ಮಹಡಿಯಲ್ಲಿ ಕಕ್ಕಸು ತೊಳೆಯುತ್ತಾಳೆ. ನಾಲ್ಕೂವರೆಗೆ ಎದ್ದು ಎರಡು ಬಸ್ಸು ಹಿಡಿಯುತ್ತಾಳೆ. 'ನಾವೆಲ್ಲ ಒಂದೇ ಕುಟುಂಬ' ಅಂತ ಗೋಡೆ ತುಂಬ ಬರೆದಿರುವುದನ್ನು ದಿನಾ ಒರೆಸುವವಳು ಅವಳೇ. ಬೆಟ್ಟದ ತಂಡದಲ್ಲಿ ಅವಳ ಹೆಸರಿಲ್ಲ. ಕಾಗದದ ಮೇಲೆ ಅವಳು ಆ ಕಂಪನಿಯವಳೂ ಅಲ್ಲ, ಗುತ್ತಿಗೆದಾರನವಳು. 'ನಿಮ್ಮ ಸಾಹೇಬ್ರು ನಮ್ಮ ಮಕ್ಕಳಿಗೋಸ್ಕರ ಬೆಟ್ಟ ಹತ್ತಿದ್ರು ಚಿಕ್ಕವ್ವ' ಅಂದರೆ ನಕ್ಕಳು. 'ಬೆಟ್ಟ ಯಾಕಪ್ಪ ಹತ್ತಬೇಕು, ಎರಡು ತಿಂಗಳ ಪಿ.ಎಫ್. ಕಟ್ಟಿಲ್ಲ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು' ಅಂದಳು.

ಆ ತಂಡದಲ್ಲಿ ನಮ್ಮವನೂ ಒಬ್ಬನಿದ್ದ. ನಮ್ಮ ಜೊತೆ ಸಮಾಜ ಕಲ್ಯಾಣ ಹಾಸ್ಟೆಲಿನಲ್ಲಿ ಅದೇ ಹುಳದ ಅನ್ನ ಉಂಡವನು. ನಮ್ಮನ್ನು ನೋಡಿದ, ಮುಖ ತಿರುಗಿಸಿದ. ಬೈಯಬೇಕು ಅನ್ನಿಸಿತು. ಆದರೆ ಅಲ್ಲಿ ಅವನು ತನ್ನ ಜಾತಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿಟ್ಟುಕೊಂಡು ಬದುಕುತ್ತಿರಬೇಕು! ರಾತ್ರಿ ಫೋನ್ ಮಾಡಿ ಹುಡುಗನ ಕಾಲು ಹೇಗಿದೆ ಅಂತ ಕೇಳಿದ. ಅವನ ಹೊರೆಗೂ ನಮ್ಮ ಕ್ಯಾನಿಗೂ ತೂಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಬೆಟ್ಟದ ಮೇಲೆ ನಮಗೆ ಸಿಟ್ಟಿಲ್ಲ. 2014ರ ಮೇ 25ರಂದು ಮಾಲಾವತ್ ಪೂರ್ಣಾ ಅನ್ನೋ ಬುಡಕಟ್ಟಿನ ಹುಡುಗಿ 13ನೇ ವಯಸ್ಸಿಗೆ ಎವರೆಸ್ಟ್ ತುದಿಯಲ್ಲಿ ನಿಂತಳು. ಅಪ್ಪ ಅಮ್ಮ ಕೂಲಿಯವರು. ಅವಳ ಜೊತೆ ಹತ್ತಿದವನು ಸಾಧನಪಲ್ಲಿ ಆನಂದಕುಮಾರ್, ದಲಿತರ ಹುಡುಗ. ಇಬ್ಬರೂ ಸಮಾಜ ಕಲ್ಯಾಣ ವಸತಿ ಶಾಲೆಯ ಮಕ್ಕಳು. ಭುವನಗಿರಿಯ ಬಂಡೆಯ ಮೇಲೆ ಕಲಿತು ಹೋದರು. ಖರ್ಚು ಸರ್ಕಾರದ್ದು, ಅಂದರೆ ನಮ್ಮದೇ. ಯಾರ ಹೆಸರಿನ ಬ್ಯಾಗನ್ನೂ ಹೊರದೆ ಹತ್ತಿದರು. ನಮ್ಮ ಬೆಟ್ಟ ಭುವನಗಿರಿಯ ಬಂಡೆಗೆ ಏನು ಕಡಿಮೆ? ನಮ್ಮ ಹಾಸ್ಟೆಲುಗಳಿಗೆ ಹಗ್ಗವೂ ಬರಲಿಲ್ಲ, ಹಗ್ಗ ಹಿಡಿಯಲು ಕಲಿಸುವ ಗುರುವೂ ಬರಲಿಲ್ಲ. ಬಂದದ್ದು ಬ್ಯಾಗು.

ಉಂಡ ಮನೆಯ ಜಂತೆ ಎಣಿಸಬೇಡಿ ಅಂತ ನಮ್ಮ ಶಾಲೆಯ ಮೇಷ್ಟ್ರು ಬುದ್ಧಿ ಹೇಳಿದರು. ಒಳ್ಳೆಯ ಮನುಷ್ಯ, ಸ್ವಂತ ದುಡ್ಡಲ್ಲಿ ಮಕ್ಕಳಿಗೆ ಸ್ಲೇಟು ತಂದವರು. ಆದರೆ ಮೇಷ್ಟ್ರೇ, ಯಾರ ಮನೆಯಲ್ಲಿ ಯಾರು ಉಂಡದ್ದು? ಬ್ಯಾಗು ಕೊಡುವ ದಿನ ಹತ್ತು ಗಂಟೆಗೇ ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿದಿರಿ. ಬಸ್ಸು ಬಂದದ್ದು ಎರಡಕ್ಕೆ. ಇಬ್ಬರು ಮಕ್ಕಳು ತಲೆ ಸುತ್ತಿ ಬಿದ್ದರು. 'ಥ್ಯಾಂಕ್ಯೂ' ಹೇಳೋದನ್ನು ಮೂರು ದಿನ ಕಲಿಸಿದಿರಿ. ಮಗ್ಗಿ ಕಲಿಸಬೇಕಾದ ಮೂರು ದಿನ ಅವು.

11,000ದ ಚೆಕ್ಕನ್ನು ನಾವು ವಾಪಸ್ ಕಳಿಸಲಿಲ್ಲ. ಆಸ್ಪತ್ರೆಯ ಸಾಲ ಇತ್ತು, ವೀರಾವೇಶ ಅಲ್ಲಿ ನಡೆಯೋದಿಲ್ಲ. ಫೋಟೋಗೆ ಮಾತ್ರ ನಿಲ್ಲಲಿಲ್ಲ. ರಸೀತಿಯಲ್ಲಿ 'ಪರಿಹಾರದ ಮೊದಲ ಕಂತು' ಅಂತ ಬರೆದು ಸಹಿ ಹಾಕಿ ಕಳಿಸಿದೆವು.

ಮೊನ್ನೆ ಗುತ್ತಿಗೆದಾರ ಕೇರಿಗೇ ಬಂದಿದ್ದ. ಬರುವ ಭಾನುವಾರ ಎಂಟು ಹುಡುಗರು ಬೇಕಂತೆ, ಬೇರೆ ಕಂಪನಿಯಂತೆ, ಈ ಸಲ ಕಣ್ಣಿಲ್ಲದವರಿಗೋಸ್ಕರ ಹತ್ತುತ್ತಾರಂತೆ. ತಲಾ 800 ರೂಪಾಯಿ, ಮಧ್ಯಾಹ್ನದ ಊಟ ಅವರ ಪಂಕ್ತಿಯಲ್ಲೇ, ಬಿದ್ದರೆ ಆಸ್ಪತ್ರೆ ಖರ್ಚು ಮತ್ತು ಕೂಲಿ, ಇಷ್ಟನ್ನೂ ಕಂಪನಿಯ ಕಾಗದದ ಮೇಲೆ ಬರೆಸಿಕೊಂಡು ಬಾ ಅಂದೆವು. ಪಕ್ಕದ ಹಳ್ಳಿಯ ಹುಡುಗರನ್ನು ಕರ್ಕೋತೀನಿ ಅಂದ. ಅವತ್ತೇ ಸಂಜೆ ಸೈಕಲ್ ಹತ್ತಿ ಪಕ್ಕದ ಹಳ್ಳಿಯ ಕೇರಿಗೆ ಹೋಗಿ ಬಂದಿದ್ದೇವೆ.