ಕಣ್ಣಿನ ತಕ್ಕಡಿಗೆ ಯಾರ ಕಲ್ಲು?

ರೋಗವಿಲ್ಲದ ಹರೆಯದವರ ಕಣ್ಣನ್ನು ಅಳೆಯಲು ಹಣ ಸುರಿಯುವುದೇಕೆ ಎಂದು ಕೇಳುವವರಿದ್ದಾರೆ. ಅಂಗಡಿ ನಡೆಸುವವರು ಹೀಗೆ ಕೇಳಲಾರರು. ಮುದ್ರೆಯೊತ್ತಿದ ಕಲ್ಲಿಲ್ಲದೆ ತಕ್ಕಡಿ ಎಷ್ಟು ಚೆನ್ನಾಗಿದ್ದರೇನು? ವಯಸ್ಸಿನ ಸವೆತವಾಗಲಿ ರೋಗವಾಗಲಿ ತಾಕದ ಕಣ್ಣಿನ ಅಳತೆಯೇ ಆ ಕಲ್ಲು.

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ, ಮೈ ಕೊಯ್ಯದೆ, ರಕ್ತನಾಳಗಳನ್ನು ನೇರವಾಗಿ ನೋಡಬಹುದು. ಆಮ್ಲಜನಕ ಹೊತ್ತ ರಕ್ತ ಉಜ್ವಲ ಕೆಂಪು. ಇಳಿಸಿ ಬಂದದ್ದು ಕಪ್ಪುಗೆಂಪು. ಈ ಭೇದವನ್ನೇ ಹಿಡಿದು 1959ರಲ್ಲಿ ಅಮೆರಿಕದ ಹಿಕಮ್ ಮತ್ತು ಸಂಗಡಿಗರು ಛಾಯಾಚಿತ್ರದ ಮೂಲಕ ಆಮ್ಲಜನಕದ ಲೆಕ್ಕ ಹಾಕಿದರು. ಮುಂದೆ ಐಸ್‌ಲೆಂಡಿನ ವಿಜ್ಞಾನಿಗಳು ಆ ಕೆಲಸವನ್ನು ಗಣಕಯಂತ್ರಕ್ಕೆ ವಹಿಸಿದರು. 570 ನ್ಯಾನೋಮೀಟರಿನ ಬೆಳಕನ್ನು ಎರಡೂ ಬಗೆಯ ರಕ್ತ ಸಮನಾಗಿ ಹೀರುತ್ತದೆ. 600ರಲ್ಲಿ ಆಮ್ಲಜನಕ ಕಳೆದುಕೊಂಡದ್ದೇ ಹೆಚ್ಚು ಹೀರುತ್ತದೆ. ಎರಡು ಚಿತ್ರಗಳನ್ನು ತಾಳೆ ನೋಡಿದರೆ ಲೆಕ್ಕ ಸಿಕ್ಕಿತು. ಆರೋಗ್ಯವಂತರಲ್ಲಿ ಅವರು 2012ರಲ್ಲಿ ಕಂಡದ್ದು ಒಳಬರುವ ನಾಳದಲ್ಲಿ ಶೇಕಡ 92, ಹಿಂದಿರುಗುವ ನಾಳದಲ್ಲಿ ಶೇಕಡ 56ರಷ್ಟು.

ಸಿಹಿಮೂತ್ರ ರೋಗದಿಂದ ಅಕ್ಷಿಪಟಲ ಕೆಟ್ಟವರಲ್ಲಿ ಹಿಂದಿರುಗುವ ರಕ್ತದಲ್ಲಿ ಆಮ್ಲಜನಕ ಕಡಿಮೆಯಲ್ಲ, ಹೆಚ್ಚು! ಇದು ಸಂತಸದ ಸುದ್ದಿಯಲ್ಲ. ಸಂತೆಗೆ ಹೋದ ಮೂಟೆ ಬಿಚ್ಚದೆ ಮರಳಿದರೆ ಊರು ಉಂಡಿತೆಂದು ಯಾರು ಹೇಳುತ್ತಾರೆ? ಸಣ್ಣ ನಾಳಗಳು ಮುಚ್ಚಿ, ರಕ್ತ ಅಡ್ಡದಾರಿ ಹಿಡಿದು, ಹಸಿದ ಅಂಗಾಂಶದ ಪಾಲು ಹಾಗೆಯೇ ಹಿಂದಿರುಗುತ್ತದೆ. (ಹಂಚಿಕೆಯ ಪ್ರಶ್ನೆ ಕಣ್ಣಿನೊಳಗೂ ಬಿಟ್ಟಿಲ್ಲ.) ಆರೋಗ್ಯವಂತನ 56 ತಿಳಿಯದಿದ್ದರೆ ಈ ಹೆಚ್ಚಳ ಕಾಣುವುದೇ ಇಲ್ಲ.

ಆದರೆ ಯಾರ 56? ಕಣ್ಣಿನ ಹಿಂಭಾಗದ ಕಪ್ಪು ವರ್ಣಕ ಹೆಚ್ಚಿದ್ದರೆ ಬೆಳಕಿನ ಲೆಕ್ಕ ಏರುಪೇರಾಗಬಲ್ಲದು. ಐಸ್‌ಲೆಂಡಿನ ಕಲ್ಲಿನಿಂದ ನಮ್ಮವರನ್ನು ತೂಗುವುದು ನ್ಯಾಯವಲ್ಲ. ಬೆಂಗಳೂರಿನ ಕಣ್ಣಿನ ವೈದ್ಯರು 2013ರಲ್ಲಿ ಭಾರತೀಯರ ಅಳತೆಯನ್ನು ಪ್ರಕಟಿಸಿದ್ದು ಒಳ್ಳೆಯ ಕೆಲಸ. ಅವರಿಗೆ ಸಿಕ್ಕದ್ದು ಸುಮಾರು 90 ಮತ್ತು 57. ಇದು ಮುಂದುವರಿಯಬೇಕು. ಇಂಥ ಪರೀಕ್ಷೆಗೆ ಕಾಲೇಜಿನ ಹುಡುಗರು ಸುಲಭವಾಗಿ ಸಿಗುತ್ತಾರೆ. ರಾತ್ರಿ ಪಾಳಿಯಲ್ಲಿ ಮಗ್ಗದ ಮುಂದೆ ನಿಲ್ಲುವ ಇಪ್ಪತ್ತರ ತರುಣ ತರುಣಿಯರೂ ಲೆಕ್ಕಕ್ಕೆ ಬರಲಿ. ಒಪ್ಪಿದವರನ್ನು ಮಾತ್ರ ಕರೆಯಲಿ, ಹೋದ ದಿನದ ಕೂಲಿ ಕಟ್ಟಿಕೊಡಲಿ, ಕಂಡದ್ದನ್ನು ಅವರಿಗೂ ತಿಳಿಸಲಿ.

ಈ ಯಂತ್ರ ಇನ್ನೂ ಬಹುಮಟ್ಟಿಗೆ ಸಂಶೋಧಕರ ಸಾಧನ. ಅದರ ಹೆಸರು ಹೇಳಿ ಬಡವರಿಂದ ಶುಲ್ಕ ಕೀಳುವುದನ್ನು ನಾವು ಒಪ್ಪುವುದಿಲ್ಲ. ಸಿಹಿಮೂತ್ರವಿರುವ ಪ್ರತಿಯೊಬ್ಬ ಕಾರ್ಮಿಕನ, ವ್ಯಾಪಾರಿಯ ಅಕ್ಷಿಪಟಲವನ್ನು ವರ್ಷಕ್ಕೊಮ್ಮೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ನೋಡುವ ಏರ್ಪಾಡು ಮೊದಲು ಆಗಲಿ. ಅದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.